ತೇವದ ಗೋಡೆಗೆ ಸಿಮೆಂಟು ಮದ್ದಲ್ಲ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಳಿದುಳಿದ ಹಳೆಯ ಮನೆಗಳ ಒಳಹೊಕ್ಕರೆ ಕೆಂಪು ನೆಲದ ತಂಪಿನ ಜತೆಗೇ ಕಣ್ಣಿಗೆ ಬೀಳುವುದು, ಮೂರಡಿ ಎತ್ತರದವರೆಗೆ ಉಬ್ಬಿ ಸಿಪ್ಪೆ ಬಿಟ್ಟ ಗೋಡೆ. ‘ಗೋಡೆ ಸತ್ತುಹೋಗಿದೆ, ಕೆಡವಿಬಿಡಿ’ ಎಂಬ ಕಂಟ್ರಾಕ್ಟರನ ಮಾತು ನಂಬಿ ಮನೆಯನ್ನೇ ಕಳೆದುಕೊಂಡ ಕುಟುಂಬಗಳುಂಟು. ಗೋಡೆ ಸತ್ತಿರುವುದಿಲ್ಲ, ಬಹುತೇಕ ಅದಕ್ಕೆ ಉಸಿರು ಕಟ್ಟಿರುತ್ತದೆ.

1898ರ ಪ್ಲೇಗಿನ ಕಾಲದಲ್ಲಿ ಹುಟ್ಟಿದ ಬಡಾವಣೆಗಳಿವು. ಆಗಿನ ಮೇಸ್ತ್ರಿಗಳು ಬಳಸಿದ್ದು ಸುಣ್ಣ, ಮರಳಿನ ಗಾರೆ. ತೇವ ತಡೆಯುವ ಪದರವನ್ನು ತಳಪಾಯದ ಮೇಲೆ ಹಾಕುವ ರೂಢಿ ಅಷ್ಟಾಗಿ ಇರಲಿಲ್ಲ. ದೀಪದ ಬತ್ತಿ ಎಣ್ಣೆ ಹೀರುವಂತೆ ಇಟ್ಟಿಗೆ ನೆಲದ ನೀರನ್ನು ಮೇಲಕ್ಕೆಳೆಯುತ್ತದೆ. ಆದರೂ ಗೋಡೆ ಕೆಡಲಿಲ್ಲವೇಕೆ? ಸುಣ್ಣದ ಗಾರೆಯ ಸೂಕ್ಷ್ಮ ರಂಧ್ರಗಳಿಂದ ಆ ನೀರು ಆವಿಯಾಗಿ ಹೊರಹೋಗುತ್ತಿತ್ತು.

ಮುಂದೆ ಯಾರೋ ‘ಗಟ್ಟಿಯಾಗಲಿ’ ಎಂದು ಅದರ ಮೇಲೆ ಸಿಮೆಂಟು ಮೆತ್ತಿ, ಪ್ಲಾಸ್ಟಿಕ್ ಪೇಂಟ್ ಬಳಿದರು. ದಾರಿ ಮುಚ್ಚಿದ ನೀರು ಇನ್ನೂ ಮೇಲಕ್ಕೇರಿತು. ಅದರೊಡನೆ ಬಂದ ಲವಣಗಳು ಹರಳುಗಟ್ಟಿ ಗಾರೆಯನ್ನು ಹೊರದಬ್ಬಿದವು. ಕೆರೆದು ಮತ್ತೆ ಸಿಮೆಂಟು ಹಾಕಿದರೆ ಮುಂದಿನ ಮಳೆಗಾಲಕ್ಕೆ ಕಲೆ ಒಂದಡಿ ಮೇಲೆ!

ಮೊದಲು ನೀರಿನ ಮೂಲ ಹುಡುಕಬೇಕು. ಒಡೆದ ದೋಣಿ, ಸೋರುವ ಬಚ್ಚಲ ಕೊಳವೆ, ಗೋಡೆಗೆ ಒತ್ತಿದ ಕೈತೋಟದ ಮಣ್ಣು. ನಮ್ಮೂರಿನ ವಿಶೇಷವೆಂದರೆ ರಸ್ತೆ! ಪ್ರತಿ ಬಾರಿ ಡಾಂಬರು ಹಾಕಿದಾಗಲೂ ಅದು ಮೇಲೇರುತ್ತದೆ, ಮನೆ ತಗ್ಗಿನಲ್ಲೇ ಉಳಿಯುತ್ತದೆ. ಅಂಗಳದ ಮಣ್ಣನ್ನು ಒಳನೆಲಕ್ಕಿಂತ ಕೆಳಗಿಳಿಸಿ, ಇಳಿಜಾರು ಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಅನಂತರ ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟು ಕಿತ್ತು, ಗೋಡೆಯನ್ನು ಒಣಗಲು ಬಿಡಬೇಕು. ಒಂದಂಗುಲ ದಪ್ಪಕ್ಕೆ ಒಂದು ತಿಂಗಳೆಂಬುದು ಸ್ಥೂಲ ಲೆಕ್ಕ. ಹದಿನೆಂಟು ಅಂಗುಲದ ಗೋಡೆಗೆ ಒಂದೂವರೆ ವರ್ಷ! ಮದುವೆ, ಗೃಹಪ್ರವೇಶ ಎಂದು ಅವಸರಪಡುವ ನಮಗೆ ಈ ತಾಳ್ಮೆ ಎಲ್ಲಿಂದ ಬರಬೇಕು?

ಒಣಗಿದ ಮೇಲೆ ಒಂದು ಪಾಲು ನೆನೆಸಿಟ್ಟ ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು ಬೆರೆಸಿದ ಗಾರೆ. ಹಿಂದಿನವರು ಬೆಲ್ಲ, ಅಳಲೆಕಾಯಿ ನೀರನ್ನೂ ಸೇರಿಸುತ್ತಿದ್ದರು. ಇದು ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುವುದರಿಂದ ಬಿಸಿಲು ತಾಗದಂತೆ ಕೆಲವು ದಿನ ನೀರು ಚಿಮುಕಿಸಬೇಕು. ಮೇಲೆ ಸುಣ್ಣವನ್ನೇ ಬಳಿಯಬೇಕು.

ಒಣಗುವ ತಿಂಗಳುಗಳಲ್ಲಿ ಗೋಡೆಯ ಮೇಲೆ ಬಿಳಿಯ ಉಪ್ಪು ಮೂಡಿದರೆ ಗಾಬರಿ ಬೇಡ. ಒಣ ಬ್ರಷ್ಷಿನಿಂದ ಗುಡಿಸಿ ಹೊರಗೆಸೆಯಿರಿ. ತೊಳೆಯಲು ಮಾತ್ರ ಹೋಗಬೇಡಿ, ಉಪ್ಪು ನೀರಿನಲ್ಲಿ ಕರಗಿ ಮತ್ತೆ ಒಳಕ್ಕೇ ಹೋಗುತ್ತದೆ.