ಗಾಳಿ ಹಾಸಿಗೆ ಬೆಳಗಾಗುವಷ್ಟರಲ್ಲಿ ಮೆತ್ತಗಾಗುವುದೇಕೆ?

ಊರಿನಿಂದ ಅಪ್ಪ ಅಮ್ಮ ಬರುತ್ತಾರೆಂದರೆ ಲಂಡನ್ನಿನ ಹೌನ್ಸ್ಲೋ, ಹ್ಯಾರೋ, ಕ್ರಾಯ್ಡನ್ ಕಡೆಯ ಕನ್ನಡ ಮನೆಗಳಲ್ಲಿ ಮಲಗುವ ಜಾಗದ ಲೆಕ್ಕ ಶುರುವಾಗುತ್ತದೆ. ಸಂದರ್ಶಕ ವೀಸಾದಲ್ಲಿ ಬಂದವರು 6 ತಿಂಗಳವರೆಗೂ ಇರಬಹುದು. ಇತ್ತ ಇಬ್ಬರಿಗೆಂದು ಕಟ್ಟುವ ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಇಂಗ್ಲೆಂಡಿನ 2015ರ ಮಾನದಂಡ ಕೇಳುವುದು ಕನಿಷ್ಠ 50 ಚದರ ಮೀಟರ್, ಅಂದರೆ ಸುಮಾರು 540 ಚದರ ಅಡಿ. ಅಷ್ಟರಲ್ಲಿ ಇನ್ನೊಂದು ಮಂಚ ಹಿಡಿಸುವುದು ಕಷ್ಟ. ಹಗಲು ಮಡಚಿಟ್ಟು ರಾತ್ರಿ ಊದಿಸುವ ಗಾಳಿ ಹಾಸಿಗೆ ಆಗ ನೆನಪಾಗುತ್ತದೆ. ಕೊಳ್ಳುವ ಮುನ್ನ ಬೆಲೆಗಿಂತ ಮೊದಲು ಅದರೊಳಗಿನ ಗಾಳಿಯ ನಡವಳಿಕೆಯನ್ನು ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ, ಹಿರಿಯರ ಬೆನ್ನೂ ಉಳಿಯುತ್ತದೆ.

ನಮ್ಮನ್ನು ಹೊರಲು ಈ ಹಾಸಿಗೆಗೆ ಬೇಕಾದ ಒತ್ತಡ ಅಚ್ಚರಿಯಾಗುವಷ್ಟು ಕಡಿಮೆ. 70 ಕಿಲೋ ತೂಕದವರ ಮೈ ಸುಮಾರು ಅರ್ಧ ಚದರ ಮೀಟರಿನಷ್ಟು ಹಾಸಿಗೆಗೆ ತಾಗುತ್ತದೆ ಎಂದುಕೊಳ್ಳಿ. ಆಗ ಒಳಗಿನ ಗಾಳಿಯ ಒತ್ತಡ ಹೊರಗಿನ ವಾತಾವರಣಕ್ಕಿಂತ ಶೇ 1.4ರಷ್ಟು ಹೆಚ್ಚಿದ್ದರೆ ಸಾಕು. ಹಾಗಾಗಿ ಇದರ ಪಂಪಿನಲ್ಲಿರುವುದು ಸೈಕಲ್ ಪಂಪಿನ ಪಿಸ್ಟನ್ ಅಲ್ಲ, ಜೋರಾಗಿ ತಿರುಗುವ ಪುಟ್ಟ ಫ್ಯಾನು. ಒತ್ತಡ ಕಡಿಮೆ, ಗಾಳಿ ಬಹಳ.

ರಾತ್ರಿಯ ತಕರಾರೂ ಇದೇ ಲೆಕ್ಕದಿಂದ ಬಿಡಿಸಿಕೊಳ್ಳುತ್ತದೆ. ಸಂಜೆ ಹೀಟರ್ ಉರಿಯುವಾಗ ಕೋಣೆ 21 ಡಿಗ್ರಿ ಇರುತ್ತದೆ. ಅದು ಆರಿದ ಮೇಲೆ ಬೆಳಗಿನ ಜಾವ 15ಕ್ಕೆ ಇಳಿಯಬಹುದು. ಪರಮ ಶೂನ್ಯದಿಂದ ಎಣಿಸಿದರೆ 294ರಿಂದ 288. ಅಂದರೆ ಒಳಗಿನ ಗಾಳಿ ಶೇ 2ರಷ್ಟು ಕುಗ್ಗಲು ನೋಡುತ್ತದೆ; ನಮ್ಮನ್ನು ಹೊರುವ ಹೆಚ್ಚುವರಿ ಒತ್ತಡವೇ ಶೇ 1.4. ಹಿಗ್ಗಿದ್ದ ಹೊದಿಕೆ ತುಸು ಕುಗ್ಗಿ ಒಂದಿಷ್ಟನ್ನು ಸರಿದೂಗಿಸಿದರೂ ಹಾಸಿಗೆ ಮೆತ್ತಗಾಗುವುದು ಮೈಗೆ ಗೊತ್ತಾಗುತ್ತದೆ. ಹೊಸ ಹಾಸಿಗೆಯ ಪಿವಿಸಿ ಪ್ಲಾಸ್ಟಿಕ್ ಮೊದಲ ಕೆಲವು ರಾತ್ರಿ ಹಿಗ್ಗುವುದೂ ಇದಕ್ಕೆ ಸೇರುತ್ತದೆ. ಇವೆರಡೂ ತೂತಲ್ಲ. ಅನುಮಾನವಿದ್ದರೆ ಸೋಪಿನ ನೀರನ್ನು ಬೆಸುಗೆ, ವಾಲ್ವುಗಳ ಮೇಲೆ ಸವರಿ ನೋಡಿ. ಒಂದೇ ಜಾಗದಲ್ಲಿ ಗುಳ್ಳೆ ಏಳುತ್ತಲೇ ಇದ್ದರೆ ಸೋರಿಕೆ ಅಲ್ಲೇ ಇದೆ.

ಇನ್ನು ಆಯ್ಕೆ. ಒಳಗೆ ಏನೂ ಇಲ್ಲದ ಚೀಲಕ್ಕೆ ಗಾಳಿ ತುಂಬಿದರೆ ಅದು ಪೂರಿಯಂತೆ ಉಬ್ಬುತ್ತದೆ. ಮೇಲ್ಮೈಯನ್ನು ಮಟ್ಟಸವಾಗಿ ಹಿಡಿದಿಡುವುದು ಮೇಲಿನ ಹಾಳೆಯನ್ನು ಕೆಳಗಿನದಕ್ಕೆ ಬಿಗಿಯುವ ಒಳಗೋಡೆಗಳು ಅಥವಾ ಪಾಲಿಯೆಸ್ಟರ್ ಎಳೆಗಳು. ಬೆಲೆಯ ವ್ಯತ್ಯಾಸ ಬಹುಪಾಲು ಇವುಗಳಲ್ಲಿದ್ದರೆ ಹೆಚ್ಚು ಕೊಡುವುದಕ್ಕೆ ಅರ್ಥವಿದೆ. ಈ ಒಳಗೋಡೆಗಳು ಸಾಮಾನ್ಯವಾಗಿ ಗಾಳಿಯನ್ನು ಬೇರ್ಪಡಿಸುವುದಿಲ್ಲ. ಅದಕ್ಕೇ ಡಬಲ್ ಹಾಸಿಗೆಯಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಕುಸಿಯುತ್ತಾರೆ. ಅಪ್ಪ ಅಮ್ಮನಿಗೆ ಎರಡು ಸಿಂಗಲ್ ಹಾಸಿಗೆ ಕೊಳ್ಳುವುದೇ ಮೇಲು. ಮೊಣಕಾಲು ನೋವಿರುವವರಿಗೆ 45 ಸೆಂಟಿಮೀಟರ್ ಆಸುಪಾಸಿನ ಎತ್ತರ ಬೇಕು. ನೆಲಮಟ್ಟದ ಹಾಸಿಗೆ ಎಷ್ಟೇ ಅಗ್ಗವಾದರೂ ಅವರಿಗೆ ಬೇಡ.

ಚಳಿಯದು ಇನ್ನೊಂದು ಸಮಸ್ಯೆ. ಅಲುಗದೆ ನಿಂತ ಗಾಳಿ ಒಳ್ಳೆಯ ಶಾಖನಿರೋಧಕ. ಆದರೆ ನಾವು ಮಗ್ಗುಲು ಬದಲಿಸಿದಾಗಲೆಲ್ಲ ಒಳಗಿನ ಗಾಳಿ ಕದಡಿ ಮೈಯ ಬಿಸಿಯನ್ನು ಪಕ್ಕಗಳಿಗೂ ನೆಲಕ್ಕೂ ಸಾಗಿಸುತ್ತದೆ. ಲಂಡನ್ನಿನ ಹಳೆಯ ಮನೆಗಳ ಮರದ ನೆಲದಡಿ ತಣ್ಣನೆಯ ಗಾಳಿ ಆಡುತ್ತಿರುತ್ತದೆ. ಹೊದೆಯಲು ಎರಡನೆಯ ರಗ್ಗು ಕೊಡುವ ಬದಲು ಅದನ್ನೇ ಹಾಸಿಗೆಯ ಮೇಲೆ ಹಾಸಿ, ಮೇಲೊಂದು ಬೆಡ್‌ಶೀಟ್ ಹೊದಿಸಿ. ಕೂಸುಗಳನ್ನು ಮಾತ್ರ ಇದರ ಮೇಲೆ ಎಂದೂ ಮಲಗಿಸಬೇಡಿ. ಮೆತ್ತನೆಯ ಮೇಲ್ಮೈಯಲ್ಲಿ ಮುಖ ಹುದುಗಿ ಉಸಿರುಕಟ್ಟುವ ಅಪಾಯವಿದೆ. ಕೂಸಿಗೆ ಬೇಕಾದದ್ದು ಗಟ್ಟಿಯಾದ, ಸಪಾಟಾದ ಹಾಸಿಗೆ.

ಹಾಸಿಗೆಯನ್ನು ಅವರ ವಿಮಾನ ಇಳಿಯುವ ಹಿಂದಿನ ದಿನ ತರಬೇಡಿ. ಎರಡು ವಾರ ಮೊದಲೇ ತಂದು, ಊದಿಸಿ, ಬೆಳಿಗ್ಗೆ ಮತ್ತೆ ಗಾಳಿ ತುಂಬಿ, ಕೆಲವು ರಾತ್ರಿ ನೀವೇ ಮಲಗಿ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ ದೋಷವಿರುವ ವಸ್ತುವನ್ನು 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು. ರಸೀದಿ ಜೋಪಾನ. ಹಿಗ್ಗುವುದು ಮುಗಿದ ಮೇಲೂ, ಬೆಚ್ಚಗಿನ ಕೋಣೆಯಲ್ಲೂ ಹಾಸಿಗೆ ಕುಸಿಯುತ್ತಿದ್ದರೆ ಮುಲಾಜಿಲ್ಲದೆ ಹಿಂದಿರುಗಿಸಿ.