ಚಳಿಗಾಲದಲ್ಲಿ ದುಡಿಯುವ ಕೈಕಾಲುಗಳ ಚರ್ಮ ರಕ್ಷಣೆ

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿ ಸುತ್ತಿನ ಎರೆ ಭೂಮಿಗಳಲ್ಲಿ ಹಿಂಗಾರಿ ಜೋಳ, ಕಡಲೆ ಬೆಳೆದು ನಿಂತಿರುವಾಗಲೇ ಚಳಿಯೂ ಬರುತ್ತದೆ. ಈ ದಿನಗಳಲ್ಲಿ ಹೊಲದಲ್ಲಿ ದುಡಿಯುವವರ ಹಿಮ್ಮಡಿ ಒಡೆಯುವುದು, ಅಂಗೈ ಸೀಳುವುದು, ತುಟಿ ಬಿರಿಯುವುದು, ಕಾಲಿನ ಚರ್ಮ ಬೂದಿ ಬಳಿದಂತಾಗುವುದು ಸಾಮಾನ್ಯ. ಚಳಿ ಕಳೆದರೆ ತಾನೇ ವಾಸಿಯಾಗುತ್ತದೆಂದು ಬಿಡುವವರೇ ಹೆಚ್ಚು. ಆದರೆ ಒಡೆದ ಚರ್ಮವು ಬೇಲಿ ಮುರಿದ ಹೊಲವಿದ್ದಂತೆ. ಮಣ್ಣು, ಸಗಣಿ, ಕೀಟನಾಶಕ ಎಲ್ಲಕ್ಕೂ ದಾರಿ ತೆರೆದಂತಾಗುತ್ತದೆ. ಸುಗ್ಗಿಯ ಹೊತ್ತಿಗೆ ಕೈಕಾಲು ಕೆಟ್ಟರೆ ಕೂಲಿಯೂ ಹೋಯಿತು, ಕೆಲಸವೂ ನಿಂತಿತು.

ಚರ್ಮ ಒಡೆಯುವುದೇಕೆ?

ನಮ್ಮಲ್ಲಿ ಹಿಮ ಬೀಳುವಂಥ ಚಳಿಯಿಲ್ಲ. ಚರ್ಮಕ್ಕೆ ತೊಂದರೆ ಕೊಡುವುದು ಚಳಿಗಿಂತ ಒಣ ಹವೆ. ಒಂದು ಘನ ಮೀಟರ್ ಗಾಳಿಯು 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೆಚ್ಚೆಂದರೆ ಸುಮಾರು 13 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಬೆಳಗಿನ ಜಾವ ಇಬ್ಬನಿ ಸುರಿಸಿದ ಅದೇ ಗಾಳಿ ಮಧ್ಯಾಹ್ನ ಕಾದಾಗ ಬಾಯಾರಿದಂತಾಗಿ, ಮಣ್ಣಿನಿಂದಲೂ ಮೈಯಿಂದಲೂ ನೀರನ್ನು ಹೀರುತ್ತದೆ.

ಚರ್ಮದ ಮೇಲ್ಪದರದಲ್ಲಿ ಸತ್ತ ಜೀವಕೋಶಗಳು ಇಟ್ಟಿಗೆಯಂತೆ ಜೋಡಿಸಿಕೊಂಡಿರುತ್ತವೆ. ಅವುಗಳ ನಡುವೆ ಗಾರೆಯಂತೆ ಜಿಡ್ಡಿರುತ್ತದೆ. ಸುಡುನೀರು, ಸೋಡಾ ಹೆಚ್ಚಿರುವ ಬಟ್ಟೆ ಸಾಬೂನು ಈ ಜಿಡ್ಡನ್ನು ತೊಳೆದುಹಾಕುತ್ತವೆ. ನೀರು ಆರಿದ ಮೇಲ್ಪದರ ಬಿರುಸಾಗಿ, ಮೈಭಾರ ಬೀಳುವ ಹಿಮ್ಮಡಿಯಲ್ಲಿ ಮೊದಲು ಸೀಳುತ್ತದೆ. ತೇವ ಹೋದ ಎರೆ ಭೂಮಿ ಬಿರಿಯುವುದನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹದ ಇರುವಾಗಲೇ ಎಣ್ಣೆ

ಹಿಂಗಾರಿ ಬೆಳೆಯಲ್ಲಿ ತೇವ ಉಳಿಸಲು ಎಡೆಕುಂಟೆ ಹೊಡೆಯುತ್ತೇವೆ. ಮಣ್ಣು ಪೂರ್ತಿ ಒಣಗಿದ ಮೇಲೆ ಹೊಡೆದರೆ ಲಾಭ ಕಡಿಮೆ. ಚರ್ಮಕ್ಕೂ ಇದೇ ನಿಯಮ. ಎಣ್ಣೆ ನೀರನ್ನು ಕೊಡುವುದಿಲ್ಲ, ಇದ್ದ ನೀರು ಆರದಂತೆ ತಡೆಯುತ್ತದೆ. ಆದ್ದರಿಂದ ಕೈಕಾಲು ತೊಳೆದು ಒತ್ತಿ ಒರೆಸಿ, ಇನ್ನೂ ಹಸಿ ಇರುವಾಗಲೇ ಹಚ್ಚಬೇಕು. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಯಾವುದಾದರೂ ಆದೀತು. ದುಬಾರಿ ಕ್ರೀಮ್ ಬೇಕೆಂದೇನಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಮೈಗೆ ಬಟ್ಟೆ ಸಾಬೂನು ಬೇಡ.

2. ರಾತ್ರಿ ಮಲಗುವ ಮುನ್ನ ಕಾಲನ್ನು ಹತ್ತು ನಿಮಿಷ ಬೆಚ್ಚನೆಯ ನೀರಿನಲ್ಲಿಟ್ಟು, ಮೃದುವಾಗಿ ಉಜ್ಜಿ, ಎಣ್ಣೆ ಅಥವಾ ಜೆಲ್ಲಿ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿಕೊಳ್ಳಿರಿ. ಬ್ಲೇಡಿನಿಂದ ಚರ್ಮ ಹೆರೆಯಬಾರದು.

3. ಜೋಳದ ಕೂಳೆ ಇರುವ ಹೊಲದಲ್ಲಿ ಬರಿಗಾಲಲ್ಲಿ ನಡೆಯಬೇಡಿರಿ. ಹಿಮ್ಮಡಿ ಮುಚ್ಚುವ ಪಾದರಕ್ಷೆ ಉತ್ತಮ.

4. ಕಡಲೆ ಗಿಡದ ಮೇಲಿನ ಹುಳಿಯಲ್ಲಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳಿವೆ. ಒಡೆದ ಕೈಗೆ ಇದು ತಾಗಿದರೆ ಉರಿ ಹೆಚ್ಚುತ್ತದೆ. ಬಿಸಿಲೇರಿದರೆ ಕಾಯಿ ಸಿಡಿಯುವುದರಿಂದ ಕಡಲೆಯನ್ನು ಬೆಳಿಗ್ಗೆ ಕೀಳುವುದೇ ಸರಿ. ಆದರೆ ಕೈಗವಸು ಹಾಕಿ ಕಿತ್ತು, ಕೆಲಸ ಮುಗಿದೊಡನೆ ಕೈ ತೊಳೆದು ಎಣ್ಣೆ ಹಚ್ಚಿಕೊಳ್ಳಬೇಕು. ಬಟ್ಟೆಯ ಗವಸು ತೊಯ್ದರೆ ಬದಲಿಸಬೇಕು.

5. ಕೈ ಒಡೆದವರು ಕೀಟನಾಶಕ ಬೆರೆಸುವುದನ್ನೂ ಸಿಂಪಡಿಸುವುದನ್ನೂ ವಾಸಿಯಾಗುವವರೆಗೆ ಬಿಡಬೇಕು. ಬಿರುಕಿನ ಮೂಲಕ ವಿಷ ಬೇಗ ಮೈ ಸೇರುತ್ತದೆ. ಉಳಿದವರೂ ರಬ್ಬರ್ ಕೈಗವಸು ಧರಿಸಬೇಕು.

6. ಚಳಿ ಕಾಯಿಸುವಾಗ ಬೆಂಕಿಗೆ ತೀರ ಹತ್ತಿರ ಕೂಡಬೇಡಿರಿ. ಶಾಖ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ.

ಒಂದು ಎಚ್ಚರಿಕೆ

ಹಿಮ್ಮಡಿ ಬಿರುಕಿಗೆ ಔಷಧಿ ಅಂಗಡಿಯಲ್ಲಿ ದೊರೆಯುವ ಕೆಲವು ಮುಲಾಮುಗಳಲ್ಲಿ ಯೂರಿಯಾ ಇರುವುದು ನಿಜ. ಅದು ಚರ್ಮದಲ್ಲಿ ನೀರನ್ನು ಹಿಡಿದಿಡುತ್ತದೆ. ಹಾಗೆಂದು ಚೀಲದಲ್ಲಿರುವ ಗೊಬ್ಬರದ ಯೂರಿಯಾವನ್ನು ಕಾಲಿಗೆ ಹಚ್ಚಬಾರದು. ಅದು ಬೆಳೆಗೆ ತಯಾರಾದದ್ದು, ಗಾಯಕ್ಕಲ್ಲ.

ವೈದ್ಯರ ಬಳಿ ಯಾವಾಗ?

ಬಿರುಕಿನಿಂದ ರಕ್ತ ಅಥವಾ ಕೀವು ಬಂದರೆ, ಕಾಲು ಊದಿ ಕೆಂಪಾದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಧನುರ್ವಾಯು ರೋಗಾಣುವಿನ ಬೀಜಕಣಗಳು ಮಣ್ಣಿನಲ್ಲೂ ಸಗಣಿಯಲ್ಲೂ ಇರುತ್ತವೆ. ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ಕಳೆದಿದ್ದರೆ ವೈದ್ಯರಿಗೆ ತಿಳಿಸಿರಿ. ಸಕ್ಕರೆ ಕಾಯಿಲೆ ಇರುವವರಿಗೆ ಪಾದದ ಸ್ಪರ್ಶ ಕುಂದಿ ಬಿರುಕಿನ ನೋವೇ ತಿಳಿಯದೆ ಹೋಗಬಹುದು. ಅಂಥವರು ದಿನವೂ ಸಂಜೆ ಅಂಗಾಲನ್ನು ತಿರುಗಿಸಿ ನೋಡಿಕೊಳ್ಳಬೇಕು. ಕಣ್ಣು ಮಂದವಿರುವ ಹಿರಿಯರ ಪಾದವನ್ನು ಮನೆಯವರು ನೋಡಬೇಕು.

ಎತ್ತಿನ ಹೆಗಲು ಹುಣ್ಣಾದರೆ ನೊಗ ಹೂಡದೆ ಔಷಧಿ ಮಾಡುವ ರೈತರು ತಮ್ಮ ಕಾಲನ್ನು ಮಾತ್ರ ಮರೆಯುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಆ ಕೈ ಒಡೆಯದಂತೆ ನೋಡಿಕೊಳ್ಳುವುದೂ ಬೇಸಾಯದ ಕೆಲಸವೇ. ಸಂಜೆ ಹೊಲದಿಂದ ಬಂದು ಕಾಲು ತೊಳೆದ ಮೇಲೆ ಒಂದು ಚಮಚ ಎಣ್ಣೆ, ಐದು ನಿಮಿಷ ಸಾಕು.