ನಿಂತ ಫಿರಂಗಿ, ನಿಲ್ಲದ ಕಣ

ಬಸವಕಲ್ಯಾಣದ ಕೋಟೆಯಲ್ಲಿ ಹಳೆಯ ಫಿರಂಗಿಗಳು ಕದಲದೆ ಕೂತಿವೆ. ಇಂಥ ಘನವಸ್ತುವಿನ ಒಳಗೆ ಕಣಗಳೂ ಕದಲುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಪಠ್ಯದ ಚಿತ್ರಗಳಲ್ಲಿ ಕಣಗಳನ್ನು ಸಾಲಾಗಿ ಜೋಡಿಸಿದ ಗೋಲಿಗಳಂತೆ ಬರೆಯುವುದರಿಂದಲೇ ಈ ತಪ್ಪು ಬೇರೂರಿದೆ ಅನಿಸುತ್ತದೆ. ಫಿರಂಗಿಯ ಪ್ರತಿ ಪರಮಾಣುವೂ ತನ್ನ ಜಾಗದಲ್ಲೇ ಸೆಕೆಂಡಿಗೆ ಲಕ್ಷಾಂತರ ಕೋಟಿ ಸಲ ಕಂಪಿಸುತ್ತಿರುತ್ತದೆ. ಬಿಸಿಲೇರಿದಂತೆ ಕಂಪನ ಜೋರಾಗಿ, ಪರಮಾಣುಗಳ ನಡುವಿನ ಅಂತರ ತುಸು ಹೆಚ್ಚುತ್ತದೆ. ಲೋಹ ಹಿಗ್ಗುವುದು ಹೀಗೆ. ಪರಮಾಣು ಉಬ್ಬುವುದಿಲ್ಲ, ಲೋಹ ಕರಗಿದರೂ ಅದು ಕರಗುವುದಿಲ್ಲ. ನಡುವಿನ ಅಂತರದಲ್ಲಿ ಗಾಳಿ ತುಂಬಿದೆ ಎಂಬುದೂ ತಪ್ಪು. ಗಾಳಿಯೂ ಕಣಗಳ ಗುಂಪೇ. ಆ ಅಂತರ ಬರಿದು.

ನೀರು ಆವಿಯಾಗಲು ಕುದಿಯಲೇಬೇಕು ಎಂಬ ನಂಬಿಕೆ ಇನ್ನೂ ಗಟ್ಟಿ. ಹಾಗಿದ್ದರೆ ಬಸವಕಲ್ಯಾಣದ ತ್ರಿಪುರಾಂತ ಕೆರೆಯ ನೀರು ಆವಿಯಾಗುತ್ತಲೇ ಇರಲಿಲ್ಲ, ನಮ್ಮ ಮಣ್ಣಿನ ಗಡಿಗೆಯ ನೀರು ತಣ್ಣಗಾಗುತ್ತಲೂ ಇರಲಿಲ್ಲ. ಮಣ್ಣಿನ ಗುಣವೇ ತಂಪು ಎನ್ನುತ್ತಾರೆ. ಆದರೆ ಮಣ್ಣು ಮಾಡುವುದು ನೀರು ಜಿನುಗಲು ದಾರಿ ಕೊಡುವ ಕೆಲಸ ಮಾತ್ರ. ನೀರಿನ ಅಣುಗಳೆಲ್ಲ ಒಂದೇ ವೇಗದಲ್ಲಿ ಓಡುವುದಿಲ್ಲ. ಹೊರಮೈಗೆ ಜಿನುಗಿದ ನೀರಿನಲ್ಲಿ ಅತಿ ವೇಗದವು ಗಾಳಿಗೆ ಹಾರಿಹೋಗುತ್ತವೆ. ಉಳಿದವುಗಳ ಸರಾಸರಿ ವೇಗ ಇಳಿಯುತ್ತದೆ. ತಂಪು ಎಂದರೆ ಅದೇ. ಒಂದು ಲೀಟರಿನಲ್ಲಿ 10 ಗ್ರಾಂ ಆವಿಯಾದರೂ ಸಾಕು, ಉಳಿದ ನೀರನ್ನು 5–6 ಡಿಗ್ರಿ ಇಳಿಸುವಷ್ಟು ಶಾಖ ಅದರೊಂದಿಗೆ ಹೋಗುತ್ತದೆ. ಹುಮನಾಬಾದಿನ ಏಪ್ರಿಲ್‌ನ ಒಣಗಾಳಿಯಲ್ಲಿ ಗಡಿಗೆ ಚೆನ್ನಾಗಿ ತಣ್ಣಗಾಗುವುದು, ಮಳೆಗಾಲದಲ್ಲಿ ಅಷ್ಟಾಗಿ ಆಗದಿರುವುದು ಇದಕ್ಕೇ: ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಹೆಚ್ಚುಕಡಿಮೆ ಹಾರಿದಷ್ಟೇ ಅಣುಗಳು ಮರಳಿ ಬರುತ್ತಿರುತ್ತವೆ. ಗಡಿಗೆಗೆ ಬಣ್ಣ ಬಳಿದು ರಂಧ್ರ ಮುಚ್ಚಿದರೂ ತಂಪು ಹೋಯಿತು.

ಕುದಿಯುವ ನೀರಿನ ದೊಡ್ಡ ಗುಳ್ಳೆಗಳಲ್ಲಿ ಇರುವುದು ಗಾಳಿಯಲ್ಲ, ನೀರಿನದೇ ಆವಿ. ಅಂದಹಾಗೆ ನಮ್ಮಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಬಸವಕಲ್ಯಾಣ, ಹುಮನಾಬಾದ್ ಎರಡೂ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿವೆ, ಗಾಳಿಯ ಒತ್ತಡ ಕಡಿಮೆ; ಸುಮಾರು 98 ಡಿಗ್ರಿಗೇ ಕುದಿ ಬರುತ್ತದೆ.

ಹೈದರಾಬಾದ್ ರಸ್ತೆಯಲ್ಲಿ ಬಿಸಿಲಲ್ಲಿ ಓಡಿ ಬಂದ ಲಾರಿಯ ಟಯರ್ ಬಿಗಿಯಾದರೆ ಒಳಗಿನ ಗಾಳಿಯ ಅಣುಗಳು ಹೆಚ್ಚಿಲ್ಲ, ದಪ್ಪವಾಗಿಲ್ಲ. ಅವು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಗೋಡೆಗೆ ಬಡಿಯುತ್ತಿವೆ, ಬಿಸಿಗೆ ಬಡಿತ ಇನ್ನೂ ಜೋರಾಗಿದೆ. ಆಗಲೇ ಗಾಳಿ ಬಿಟ್ಟರೆ ಟಯರ್ ಆರಿದ ಮೇಲೆ ಒತ್ತಡ ಸಾಲದಾಗುತ್ತದೆ. ಅಳೆಯಬೇಕಾದದ್ದು ಬೆಳಿಗ್ಗೆ, ಲಾರಿ ಹೊರಡುವ ಮೊದಲು.